ಅಂತರಂಗದ ಚೆಲುವು, ಬಂಧುತ್ವದ ಶಾಂತಿ: ಲಕೋಟ ಜನರ ಬಾಳ್ವೆಯಿಂದ ಒಂದು ಪಾಠ

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಧ್ಯಾನಕೂಟದಲ್ಲಿ ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬುತ್ತಿರುವ ಈ ಶುಭ ಸಂದರ್ಭದಲ್ಲಿ ಗೋಡೆಗಳಿಗೆ ಹೊಸ ಬಣ್ಣ ಬಂದಿದೆ, ಪೀಠವು ನವೀಕರಣಗೊಂಡಿದೆ, ಗಂಟೆಗೋಪುರವು ದೀಪಗಳಿಂದ ಬೆಳಗುತ್ತಿದೆ. ದೇವರ ಮನೆ ಸುಂದರವಾಗಿರಬೇಕೆಂಬ ಹಂಬಲ ಸಹಜವಾದುದೇ ಸರಿ. ಆದರೆ ಕಟ್ಟಡದ ಅಂದವನ್ನು ಹಣದಿಂದಲೂ ಕುಶಲಕರ್ಮಿಗಳ ಕೈಯಿಂದಲೂ ತರಬಹುದು. ಆ ಕಟ್ಟಡದೊಳಗೆ ಕೂಡುವ ಜನರ ಅಂತರಂಗದ ಅಂದವನ್ನು ಎಲ್ಲಿಂದ ತರುವುದು? ಈ ಪ್ರಶ್ನೆಗೆ ಉತ್ತರವನ್ನರಸುತ್ತ ಇಂದು ನಾನು ನಿಮ್ಮನ್ನು ಬಹು ದೂರದ ಒಂದು ನಾಡಿಗೆ, ನಾವು ಹೆಸರನ್ನೂ ಅಪರೂಪವಾಗಿ ಕೇಳಿರುವ ಒಂದು ಜನಾಂಗದ ಬಳಿಗೆ ಕರೆದೊಯ್ಯಬಯಸುತ್ತೇನೆ.

ಉತ್ತರ ಅಮೆರಿಕದ ನಡುಭಾಗದಲ್ಲಿ, ಮಿಸೌರಿ ನದಿಯ ಪಶ್ಚಿಮಕ್ಕೆ, ಕಣ್ಣು ಹರಿಯುವಷ್ಟು ದೂರವೂ ಹುಲ್ಲುಗಾವಲು ಹಬ್ಬಿದೆ. ಆ ಬಯಲಿನ ನಡುವೆ ದಟ್ಟ ಮರಗಳಿಂದ ಕಪ್ಪಾಗಿ ಕಾಣುವ ಬೆಟ್ಟಸಾಲೊಂದು ಎದ್ದು ನಿಂತಿದೆ. ಅದಕ್ಕೆ ಕಪ್ಪು ಬೆಟ್ಟಗಳು ಎಂದೇ ಹೆಸರು. ಇದು ಲಕೋಟ ಜನರ ನಾಡು. ಈಗಿನ ದಕ್ಷಿಣ ಡಕೋಟ ರಾಜ್ಯದ ಬಹು ಭಾಗ ಇದರಲ್ಲಿ ಸೇರುತ್ತದೆ. ಹೊರಗಿನವರು ಇವರನ್ನು ‘ಸೂ’ ಎಂದು ಕರೆದರು. ಅವರು ತಮ್ಮನ್ನು ಕರೆದುಕೊಳ್ಳುವುದು ಲಕೋಟ ಎಂದು. ಈ ಶಬ್ದಕ್ಕೆ ‘ಮಿತ್ರರು’ ಎಂದರ್ಥ. ಅದರಿಂದಲೇ ‘ವೊಲಕೋಟ’ ಎಂಬ ಇನ್ನೊಂದು ಶಬ್ದ ಹುಟ್ಟಿದೆ. ಅದರ ಅರ್ಥ ಶಾಂತಿ. ಒಂದು ಜನಾಂಗದ ಹೆಸರಿಗೂ ಶಾಂತಿಗೂ ಒಂದೇ ಬೇರು ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

ಹಾಗೆಂದು ಅವರನ್ನು ದೇವಮಾನವರೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. ಅವರು ನೆರೆಯ ಕ್ರೋ, ಪಾನಿ ಮುಂತಾದ ಬುಡಕಟ್ಟುಗಳೊಡನೆ ಹೋರಾಡಿದವರು, ಕುದುರೆಗಳನ್ನು ಅಪಹರಿಸಿದವರು, ನಮ್ಮಂತೆಯೇ ದೋಷವುಳ್ಳ ಮನುಷ್ಯರು. ಆದರೆ ಮನುಷ್ಯ ಹೇಗೆ ಬಾಳಬೇಕೆಂಬ ವಿಷಯದಲ್ಲಿ ಅವರ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸಿಕೊಂಡು ಬಂದ ತಿಳಿವು ಒಂದುಂಟು. ಸರ್ವಸ್ವವನ್ನೂ ಕಳೆದುಕೊಂಡ ದಿನಗಳಲ್ಲಿಯೂ ಅವರು ಅದನ್ನು ಕಳೆದುಕೊಳ್ಳಲಿಲ್ಲ. ಅದನ್ನೇ ನಾನು ನಿಮ್ಮ ಮುಂದಿಡುತ್ತೇನೆ.

ಮೊದಲು ಸೌಂದರ್ಯದ ಮಾತು. ಲಕೋಟ ಭಾಷೆಯಲ್ಲಿ ‘ವಾಷ್ಟೆ’ ಎಂದರೆ ಒಳ್ಳೆಯದು. ಒಂದು ವಸ್ತು ಸುಂದರವಾಗಿದೆ ಎನ್ನಬೇಕಾದರೆ ಅವರು ಅದೇ ಶಬ್ದವನ್ನು ಬಳಸಿ ‘ನೋಡಲು ಒಳ್ಳೆಯದು’ ಎನ್ನುತ್ತಾರೆ. ನಮ್ಮ ಕನ್ನಡದ ‘ಚೆನ್ನ’ ಎಂಬ ಶಬ್ದದಲ್ಲಿಯೂ ಅಂದ ಮತ್ತು ಒಳಿತು ಹೀಗೆಯೇ ಕೂಡಿಕೊಂಡಿಲ್ಲವೇ? ಹೂವು ಚೆನ್ನಾಗಿದೆ ಎನ್ನುತ್ತೇವೆ. ಮನೆಯವರೆಲ್ಲ ಚೆನ್ನಾಗಿದ್ದಾರೆ ಎಂದೂ ಎನ್ನುತ್ತೇವೆ. ಲಕೋಟರು ಪರಸ್ಪರ ಸಂಧಿಸಿದಾಗ, ಒಳ್ಳೆಯ ಹೃದಯದಿಂದ ನಿಮ್ಮ ಕೈ ಹಿಡಿಯುತ್ತೇನೆ ಎಂದು ವಂದಿಸುವ ವಾಡಿಕೆಯಿದೆ. ಮುಖದ ಅಂದಕ್ಕಿಂತ ಮುಂಚೆ ಹೃದಯದ ಒಳಿತು ಅಲ್ಲಿ ಮಾತಾಗಿ ಬರುತ್ತದೆ.

ಹಾಗಾದರೆ ಆ ಒಳ್ಳೆಯ ಹೃದಯವೆಂದರೇನು? ಈ ಪ್ರಶ್ನೆಗೆ ಬಹು ಸ್ಪಷ್ಟವಾದ ಉತ್ತರ ಕೊಟ್ಟವರು ಎಲಾ ಡೆಲೋರಿಯಾ ಎಂಬ ವಿದುಷಿ. ಲಕೋಟರ ಸೋದರ ಶಾಖೆಯಾದ ಡಕೋಟ ಜನಾಂಗದಲ್ಲಿ ೧೮೮೯ರಲ್ಲಿ ಜನಿಸಿ, ೧೯೭೧ರವರೆಗೆ ಬಾಳಿದ ಇವರು ತಮ್ಮ ಜನರ ಭಾಷೆಯನ್ನೂ ಆಚಾರಗಳನ್ನೂ ಜೀವಮಾನವಿಡೀ ಸಂಗ್ರಹಿಸಿದರು. ತಮ್ಮ ಜನರ ಬಾಳಿನ ಪರಮ ಗುರಿ ಒಂದೇ ಎಂದು ಅವರು ಬರೆದಿದ್ದಾರೆ: ಒಳ್ಳೆಯ ಬಂಧುವಾಗಿರುವುದು. ಮಿಕ್ಕ ಆಸೆಗಳೆಲ್ಲ, ಆಸ್ತಿಯಾಗಲಿ ಕೀರ್ತಿಯಾಗಲಿ ಪ್ರಾಣವೇ ಆಗಲಿ, ಅದರ ನಂತರ. ಒಳ್ಳೆಯ ಬಂಧುವಾಗಿರದವನು ಮನುಷ್ಯನೆಂಬ ಹೆಸರಿಗೇ ಅರ್ಹನಲ್ಲ ಎಂಬುದು ಹಿರಿಯರ ಭಾವನೆಯಾಗಿತ್ತಂತೆ.

ಈ ಬಂಧುತ್ವ ನಮಗೆ ಅಪರಿಚಿತವಾದುದಲ್ಲ. ಲಕೋಟ ಮಗುವು ತಾಯಿಯ ಸಹೋದರಿಯನ್ನೂ ‘ತಾಯಿ’ ಎಂದೇ ಕರೆಯುತ್ತದೆ; ತಂದೆಯ ಸಹೋದರನನ್ನೂ ‘ತಂದೆ’ ಎಂದೇ ಕರೆಯುತ್ತದೆ. ನಾವು ದೊಡ್ಡಮ್ಮ, ಚಿಕ್ಕಮ್ಮ, ದೊಡ್ಡಪ್ಪ, ಚಿಕ್ಕಪ್ಪ ಎನ್ನುವುದಿಲ್ಲವೇ? ಅವರ ಮಕ್ಕಳನ್ನು ಅಣ್ಣ, ಅಕ್ಕ, ತಮ್ಮ, ತಂಗಿ ಎಂದೇ ಎಣಿಸುವುದಿಲ್ಲವೇ? ಲೂಯಿಸ್ ಹೆನ್ರಿ ಮೋರ್ಗನ್ ಎಂಬ ಅಮೆರಿಕದ ವಿದ್ವಾಂಸರು ೧೮೭೧ರಲ್ಲಿ ಪ್ರಕಟಿಸಿದ ಮಹಾಗ್ರಂಥವೊಂದರಲ್ಲಿ ಅಮೆರಿಕದ ಮೂಲನಿವಾಸಿಗಳ ಬಂಧುವಾಚಕಗಳನ್ನೂ ದಕ್ಷಿಣ ಭಾರತದ ಭಾಷೆಗಳ ಬಂಧುವಾಚಕಗಳನ್ನೂ ಹೋಲಿಸಿ ನೋಡಿ, ಅವುಗಳ ಸಾಮ್ಯಕ್ಕೆ ಬೆರಗಾದರು. ಆದುದರಿಂದ ಲಕೋಟರ ಮನೆಯ ಮಾತು ಕನ್ನಡಿಗರ ಕಿವಿಗೆ ತೀರ ಹೊಸದೆನಿಸಬೇಕಾಗಿಲ್ಲ.

ಆದರೆ ಲಕೋಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅವರ ಭಾಷೆಯಲ್ಲಿ ಒಬ್ಬನನ್ನು ಬಂಧುವಾಚಕದಿಂದ ಕರೆಯುವುದಕ್ಕೂ ದೇವರಲ್ಲಿ ಪ್ರಾರ್ಥಿಸುವುದಕ್ಕೂ ಒಂದೇ ಕ್ರಿಯಾಪದ! ಪ್ರಾರ್ಥನೆಯೆಂದರೆ ದೇವರನ್ನು ‘ನೀನು ನನ್ನವನು’ ಎಂದು ಕೂಗುವುದು. ಪರಾತ್ಪರನನ್ನು ಅವರು ‘ವಾಕಾನ್ ತಾಂಕ’ ಎನ್ನುತ್ತಾರೆ. ಮಹಾ ಪವಿತ್ರ, ಮಹಾ ರಹಸ್ಯ ಎಂದು ಅದನ್ನು ಅರ್ಥೈಸಬಹುದು. ಆದರೆ ಪ್ರಾರ್ಥಿಸುವಾಗ ಅವರ ಬಾಯಿಂದ ಬರುವುದು ‘ತುಂಕಾಶಿಲ’, ಅಂದರೆ ಅಜ್ಜ ಎಂಬ ಮಾತು. ಪ್ರಾರ್ಥನೆಯ ಕೊನೆಯಲ್ಲಿ, ನಾವು ಆಮೆನ್ ಎನ್ನುವ ಕಡೆ, ಅವರು ‘ಮಿತಾಕುಯೆ ಓಯಾಸಿನ್’ ಎನ್ನುತ್ತಾರೆ. ಅಂದರೆ, ನನ್ನ ಬಂಧುಗಳೆಲ್ಲರೂ. ಆ ಬಂಧುಗಳಲ್ಲಿ ಮನುಷ್ಯರಷ್ಟೇ ಅಲ್ಲದೆ ಎರಡು ಕಾಲಿನವು, ನಾಲ್ಕು ಕಾಲಿನವು, ರೆಕ್ಕೆಯುಳ್ಳವು, ಬೇರೂರಿದವು, ಎಲ್ಲವೂ ಸೇರುತ್ತವೆ.

ಪ್ರಿಯರೇ, ನಮ್ಮ ಪ್ರಭು ಯೇಸು ಶಿಷ್ಯರಿಗೆ ಪ್ರಾರ್ಥಿಸಲು ಕಲಿಸಿದಾಗ ಮೊಟ್ಟಮೊದಲು ಕಲಿಸಿದ ಶಬ್ದ ಯಾವುದು? ಅದೂ ಬಂಧುವಾಚಕವೇ ಅಲ್ಲವೇ? ದೇವರನ್ನು ತಂದೆಯೆಂದು ಕರೆದ ಮೇಲೆ ಪಕ್ಕದಲ್ಲಿ ಮೊಣಕಾಲೂರಿರುವವನನ್ನು ಸಹೋದರನಲ್ಲವೆನ್ನಲು ನಮಗೆ ಬಾಯಿ ಹೇಗೆ ಬಂದೀತು? ಸೂರ್ಯನನ್ನು ಅಣ್ಣನೆಂದೂ ನೀರನ್ನು ತಂಗಿಯೆಂದೂ ಹಾಡಿದ ಅಸ್ಸಿಸಿಯ ಸಂತ ಫ್ರಾನ್ಸಿಸರು ಆ ಬಯಲುಸೀಮೆಯಲ್ಲಿ ಕಾಲಿಟ್ಟಿದ್ದರೆ ಅವರ ಮಾತು ಅಲ್ಲಿನವರಿಗೆ ಸುಲಭವಾಗಿ ತಿಳಿಯುತ್ತಿತ್ತು.

ಇನ್ನು ಈ ಬಂಧುತ್ವ ಬರಿಯ ಭಾವನೆಯಾಗಿ ಉಳಿಯದೆ ನಡತೆಯಾಗುವುದು ಹೇಗೆಂಬುದನ್ನು ನೋಡೋಣ. ಲಕೋಟ ಹಿರಿಯರು ನಾಲ್ಕು ಸದ್ಗುಣಗಳನ್ನು ಬೋಧಿಸುತ್ತಾರೆ: ಧೈರ್ಯ, ಸಹನೆ, ಔದಾರ್ಯ, ವಿವೇಕ. ಸಹನೆಗೆ ಅವರು ಬಳಸುವ ಶಬ್ದದಲ್ಲಿ ‘ದೊಡ್ಡ ಮನಸ್ಸು’ ಎಂಬ ಅರ್ಥ ಅಡಗಿದೆ. ಔದಾರ್ಯದ ಶಬ್ದದಲ್ಲಿ ‘ಹೃದಯದಲ್ಲಿ ಇಟ್ಟುಕೊಳ್ಳುವುದು’ ಎಂಬ ಅರ್ಥವಿದೆ. ಕೈಯಿಂದ ಕೊಡುವುದು ಆಮೇಲಿನ ಮಾತು. ಪಡೆಯುವವನಿಗೆ ಹೃದಯದಲ್ಲಿ ಮೊದಲು ಸ್ಥಳವಿರಬೇಕು.

ಮನೆಯಲ್ಲಿ ಒಬ್ಬರು ತೀರಿಕೊಂಡರೆ ಆ ಕುಟುಂಬ ಏನು ಮಾಡುತ್ತದೆಂಬುದನ್ನು ಕೇಳಿ. ಹಿಂದೆ ಮೃತರ ಕೂದಲಿನ ಒಂದು ಎಳೆಯನ್ನು ಪವಿತ್ರವಾದ ಗಂಟಿನಲ್ಲಿ ಕಟ್ಟಿ ಸುಮಾರು ಒಂದು ವರ್ಷ ಕಾಪಾಡುತ್ತಿದ್ದರು. ಆತ್ಮ ಆ ಮನೆಯಲ್ಲಿದೆಯೆಂಬ ನಂಬಿಕೆಯಿಂದ ಆ ವರ್ಷವೆಲ್ಲ ಅಲ್ಲಿ ಜಗಳವಾಡಬಾರದು, ಕೆಟ್ಟ ಮಾತನಾಡಬಾರದು. ವರ್ಷ ತುಂಬಿದಾಗ ಕುಟುಂಬದವರು ಕೂಡಿಟ್ಟ ಕಂಬಳಿ, ಬಟ್ಟೆ, ಆಹಾರಗಳನ್ನೆಲ್ಲ ತಂದು ಜನರಿಗೆ, ಅದರಲ್ಲೂ ಬಡವರಿಗೆ, ಹಂಚಿಬಿಡುತ್ತಿದ್ದರು. ಹೀಗೆ ಹಂಚುವ ಪದ್ಧತಿ ಇಂದಿಗೂ ಉಳಿದಿದೆ. ವರ್ಷವಿಡೀ ಹೆಂಗಸರು ಕುಳಿತು, ನಡುವೆ ದೊಡ್ಡ ನಕ್ಷತ್ರದ ಚಿತ್ತಾರವಿರುವ ಕೌದಿಗಳನ್ನು ಹೊಲಿಯುತ್ತಾರೆ. ಆ ಕೌದಿಗಳೆಲ್ಲ ಕೊಟ್ಟುಬಿಡುವುದಕ್ಕಾಗಿಯೇ. ನಾವು ಗಳಿಸಿದ್ದರಿಂದ ದೊಡ್ಡವರೆನಿಸಿಕೊಳ್ಳುತ್ತೇವೆ. ಅವರಲ್ಲಿ ಕೊಟ್ಟದ್ದರಿಂದ ದೊಡ್ಡವರಾಗುತ್ತಾರೆ.

ಅಂತರಂಗದ ಶುದ್ಧಿಗಾಗಿ ಅವರಲ್ಲಿ ‘ಇನಿಪಿ’ ಎಂಬ ಆಚರಣೆಯುಂಟು. ಬಗ್ಗಿಸಿದ ಎಳೆ ಮರಗಳಿಂದ ಚಿಕ್ಕದೊಂದು ಗುಮ್ಮಟ ಕಟ್ಟಿ, ಕಂಬಳಿಗಳಿಂದ ಮುಚ್ಚಿ, ಕೆಂಪಗೆ ಕಾದ ಕಲ್ಲುಗಳನ್ನು ಒಳಗಿಟ್ಟು ನೀರೆರೆಯುತ್ತಾರೆ. ಆ ಕತ್ತಲೆಯಲ್ಲಿ, ಆ ಬಿಸಿ ಆವಿಯಲ್ಲಿ ಕುಳಿತು ಪ್ರಾರ್ಥಿಸುತ್ತಾರೆ. ಅದರ ಬಾಗಿಲು ಬಹು ಗಿಡ್ಡ. ನಾಯಕನಾಗಲಿ, ನಿನ್ನೆ ಹುಟ್ಟಿದ ಬಡವನಾಗಲಿ, ನೆಲಕ್ಕೆ ಬಾಗಿಯೇ ಒಳಹೋಗಬೇಕು. ತಲೆಯೆತ್ತಿ ನಡೆಯುವವನಿಗೆ ಶಾಂತಿಯ ಮನೆಯಲ್ಲಿ ಪ್ರವೇಶವಿಲ್ಲವೆಂಬುದನ್ನು ಆ ಬಾಗಿಲೇ ಬೋಧಿಸುತ್ತದೆ.

ಬಂಧುತ್ವವನ್ನು ಕಟ್ಟುವ ಇನ್ನೊಂದು ವಿಧಿ ‘ಹುಂಕಪಿ’. ರಕ್ತಸಂಬಂಧವಿಲ್ಲದವರನ್ನು ಬಂಧುಗಳನ್ನಾಗಿ ಮಾಡಿಕೊಳ್ಳುವ ಸಂಸ್ಕಾರವಿದು. ಹಿರಿಯರ ಹೇಳಿಕೆಯಂತೆ ಇದರ ಮೂಲ ಶತ್ರುತ್ವದಲ್ಲಿದೆ. ರೀ ಎಂಬ ಶತ್ರು ಜನಾಂಗಕ್ಕೆ ಸೇರಿದ ಪವಿತ್ರ ಜೋಳ ಲಕೋಟರ ಕೈಗೆ ಸಿಕ್ಕಿತಂತೆ. ಅದನ್ನು ಮರಳಿ ಬೇಡಲು ಬಂದ ಶತ್ರುಗಳನ್ನು ಅಟ್ಟದೆ, ಅವರೊಡನೆ ಬಂಧುತ್ವವನ್ನೇ ಸ್ಥಾಪಿಸಿಕೊಂಡರಂತೆ. ಈ ವಿಧಿಯನ್ನು ವಿವರಿಸಿದ ಹಿರಿಯರೊಬ್ಬರು ಶಾಂತಿಗೆ ಮೂರು ನೆಲೆಗಳನ್ನು ಹೇಳಿದ್ದಾರೆ. ವಿಶ್ವದ ಸಮಸ್ತದೊಡನೆ ತನಗಿರುವ ಸಂಬಂಧವನ್ನು ಅರಿತಾಗ ಆತ್ಮದೊಳಗೆ ಮೂಡುವುದು ಮೊದಲನೆಯದು. ವ್ಯಕ್ತಿ ವ್ಯಕ್ತಿಗಳ ನಡುವಣದು ಎರಡನೆಯದು. ಜನಾಂಗ ಜನಾಂಗಗಳ ನಡುವಣದು ಮೂರನೆಯದು. ಮೊದಲನೆಯದಿಲ್ಲದೆ ಮಿಕ್ಕೆರಡು ನಿಲ್ಲಲಾರವು. ಒಳಗಿನ ಶಾಂತಿಯೂ ಒಬ್ಬಂಟಿಯ ನೆಮ್ಮದಿಯಲ್ಲ, ಅದೂ ಸಂಬಂಧದ ಅರಿವೇ ಎಂಬುದು ಇದರ ತಿರುಳು.

ಈ ಮಾತನ್ನಾಡಿದ ಹಿರಿಯರು ಯಾರೆಂದು ತಿಳಿದರೆ ನಿಮಗೆ ಸಂತೋಷವಾದೀತು. ಅವರು ನಮ್ಮ ಧರ್ಮಸಭೆಯ ಒಬ್ಬ ಉಪದೇಶಿ. ಅವರ ಹೆಸರು ನಿಕೋಲಸ್ ಬ್ಲ್ಯಾಕ್ ಎಲ್ಕ್. ಲಕೋಟ ಭಾಷೆಯಲ್ಲಿ ಹೆಹಾಕ ಸಾಪ, ಅಂದರೆ ಕರಿಯ ಸಾರಂಗ. ಅವರ ಬಾಳನ್ನು ಹೇಳಬೇಕಾದರೆ ಅವರ ಜನರ ಸಂಕಟವನ್ನೂ ಹೇಳಲೇಬೇಕು.

ಅವರು ಹುಟ್ಟಿದ್ದು ೧೮೬೩ರ ಸುಮಾರಿನಲ್ಲಿ. ೧೮೬೮ರ ಒಪ್ಪಂದದ ಪ್ರಕಾರ ಕಪ್ಪು ಬೆಟ್ಟಗಳು ಲಕೋಟರಿಗೇ ಸೇರಿದ್ದವು. ೧೮೭೪ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ೧೮೭೭ರಲ್ಲಿ ಅಮೆರಿಕ ಸರ್ಕಾರ ಬೆಟ್ಟಗಳನ್ನು ಕಿತ್ತುಕೊಂಡಿತು. ಅನ್ನವಸ್ತ್ರಗಳೆರಡಕ್ಕೂ ಆಧಾರವಾಗಿದ್ದ, ಹಿಂದೆ ಕೋಟಿಗಟ್ಟಲೆ ಇದ್ದ ಬೈಸನ್ ಮೃಗಗಳು ಬಿಳಿಯರ ಬಂದೂಕಿಗೆ ಸಿಕ್ಕಿ ೧೮೮೯ರ ವೇಳೆಗೆ ಸಾವಿರದ ಆಸುಪಾಸಿಗೆ ಇಳಿದವು. ೧೮೮೩ರ ಸರ್ಕಾರಿ ನಿಯಮಗಳು ಸೂರ್ಯನೃತ್ಯವೇ ಮೊದಲಾದ ಆಚರಣೆಗಳನ್ನು ಅಪರಾಧವೆಂದು ಸಾರಿದವು.

ಆಮೇಲೆ ಬಂತು ೧೮೯೦ರ ಕ್ರಿಸ್ತಜಯಂತಿ. ಬಿಗ್ ಫುಟ್ ಎಂಬ ವೃದ್ಧ ನಾಯಕ, ಸುಮಾರು ೩೫೦ ಜನರನ್ನು ಕರೆದುಕೊಂಡು ಪೈನ್ ರಿಡ್ಜ್ ಎಂಬಲ್ಲಿಗೆ ಹೊರಟಿದ್ದರು. ನ್ಯುಮೋನಿಯಾದಿಂದ ರಕ್ತ ಕಾರುತ್ತಿದ್ದ ಅವರನ್ನು ಬಂಡಿಯಲ್ಲಿ ಮಲಗಿಸಲಾಗಿತ್ತು. ಜೊತೆಗಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಸೇನೆ ಅವರನ್ನು ತಡೆದು ವೂಂಡೆಡ್ ನೀ ಎಂಬ ತೊರೆಯ ಬಳಿ ಇಳಿಸಿತು. ಡಿಸೆಂಬರ್ ೨೯ರ ಬೆಳಿಗ್ಗೆ ಅವರ ಆಯುಧಗಳನ್ನು ಕಸಿದುಕೊಳ್ಳುತ್ತಿದ್ದಾಗ ಎಲ್ಲಿಯೋ ಒಂದು ಗುಂಡು ಹಾರಿತು. ಮರುಕ್ಷಣವೇ ಗುಡ್ಡದ ಮೇಲಿನ ಫಿರಂಗಿಗಳು ಗುಡಾರಗಳ ಮೇಲೆ ಬೆಂಕಿಯುಗುಳಿದವು. ಓಡುತ್ತಿದ್ದ ತಾಯಂದಿರನ್ನೂ ಹಸುಗೂಸುಗಳನ್ನೂ ಸೈನಿಕರು ಮೈಲಿಗಟ್ಟಲೆ ಅಟ್ಟಿಸಿಕೊಂಡು ಹೋಗಿ ಕೊಂದರು. ಹಿಮದಲ್ಲಿ ಮರಗಟ್ಟಿದ ೧೪೬ ದೇಹಗಳನ್ನು ಒಂದೇ ಗುಂಡಿಯಲ್ಲಿ ಹೂಳಲಾಯಿತು. ಸತ್ತವರು ಇನ್ನೂ ಹೆಚ್ಚು. ಗಾಯಗೊಂಡವರನ್ನು ಪೈನ್ ರಿಡ್ಜಿನ ಎಪಿಸ್ಕೋಪಲ್ ದೇವಾಲಯಕ್ಕೆ ತಂದು, ಬೆಂಚುಗಳನ್ನು ಕಿತ್ತು, ನೆಲದ ಮೇಲೆ ಹುಲ್ಲು ಹಾಸಿ ಮಲಗಿಸಿದರು. ಕ್ರಿಸ್ತಜಯಂತಿಯ ಹಸಿರು ತೋರಣಗಳನ್ನು ಇನ್ನೂ ತೆಗೆದಿರಲಿಲ್ಲ. ದೇವದೂತರ ಶಾಂತಿಗೀತೆಯ ಸಾಲನ್ನು ಬರೆದ ಪಟ್ಟಿಯೊಂದು ಅವರ ತಲೆಯ ಮೇಲೆ ತೂಗುತ್ತಿತ್ತೆಂದು ಬರೆದಿಟ್ಟಿದ್ದಾರೆ.

ಆ ದಿನ ಗುಂಡಿನ ಸದ್ದು ಕೇಳಿ ಕುದುರೆಯೇರಿ ಧಾವಿಸಿದವರಲ್ಲಿ ಬ್ಲ್ಯಾಕ್ ಎಲ್ಕ್ ಒಬ್ಬರು. ತೊರೆಯ ದಂಡೆಯಲ್ಲಿ ತಾಯಿಮಕ್ಕಳ ಹೆಣಗಳನ್ನು ಅವರು ಕಣ್ಣಾರೆ ಕಂಡರು. ಮರುದಿನ ಯೇಸು ಸಭೆಯ ಗುರುಗಳ ಜಪಮಾಲೆ ಮಿಷನ್ನಿನ ಸಮೀಪದಲ್ಲಿ ನಡೆದ ಕಾಳಗದಲ್ಲಿ ಸ್ವತಃ ಗಾಯಗೊಂಡರು. ಪ್ರಿಯರೇ, ಅದೇ ಮಿಷನ್ನಿನಲ್ಲಿ, ಹದಿನಾಲ್ಕು ವರ್ಷಗಳ ತರುವಾಯ, ೧೯೦೪ರ ಡಿಸೆಂಬರ್ ೬ರಂದು, ಸಂತ ನಿಕೋಲಸರ ಹಬ್ಬದ ದಿನ ಅವರು ಜ್ಞಾನಸ್ನಾನ ಪಡೆದು ನಿಕೋಲಸ್ ಆದರು.

ಆ ತಿರುವು ಬಂದ ಬಗೆಯನ್ನು ಅವರ ಮಗಳು ನೆನೆದಿದ್ದಾರೆ. ಬ್ಲ್ಯಾಕ್ ಎಲ್ಕ್ ಆಗ ಹೆಸರಾಂತ ವೈದ್ಯರು; ಸಾಯುತ್ತಿದ್ದ ಹುಡುಗನೊಬ್ಬನ ಪಕ್ಕದಲ್ಲಿ ಡೋಲು ಬಾರಿಸಿ ಹಾಡುತ್ತಿದ್ದರು. ಆ ಹುಡುಗನಿಗೆ ಜ್ಞಾನಸ್ನಾನವಾಗಿತ್ತು. ಅಂತ್ಯಸಂಸ್ಕಾರಕ್ಕೆಂದು ಬಂದ ಗುರುಗಳು ಕೋಪದಿಂದ ಡೋಲನ್ನು ಹೊರಗೆಸೆದು, ಅವರನ್ನೂ ಹೊರಗೆ ಕಳುಹಿಸಿದರಂತೆ. ವಿಧಿ ಮುಗಿಸಿ ಹೊರಬಂದಾಗ ಬ್ಲ್ಯಾಕ್ ಎಲ್ಕ್ ಕುಗ್ಗಿ ಕುಳಿತಿದ್ದರು. ಗುರುಗಳು ಅವರನ್ನು ತಮ್ಮ ಬಂಡಿಯಲ್ಲಿಯೇ ಮಿಷನ್ನಿಗೆ ಕರೆದೊಯ್ದರು. ಈ ಕಥೆಯನ್ನು ಕೇಳುವಾಗ ನಮ್ಮ ಮನಸ್ಸು ಎರಡಾಗುತ್ತದೆ. ಡೋಲನ್ನೆಸೆದ ಕೈಯನ್ನು ನಾವು ಇಂದು ಮೆಚ್ಚಲಾರೆವು. ಆ ಕೈಯ ಹಿಂದೆ ಬಂದ ಕೃಪೆಯನ್ನು ಅಲ್ಲಗಳೆಯಲೂ ಆರೆವು.

ಉಪದೇಶಿಯಾಗಿ ಅವರು ದಶಕಗಳ ಕಾಲ ದುಡಿದರು. ಗುರುಗಳು ಹೋಗಲಾರದ ಹಳ್ಳಿಗಳಲ್ಲಿ ಭಾನುವಾರದ ಪ್ರಾರ್ಥನೆಯನ್ನು ಲಕೋಟ ಭಾಷೆಯಲ್ಲಿ ನಡೆಸಿದರು, ರೋಗಿಗಳನ್ನು ಕಂಡರು, ಸತ್ತವರನ್ನು ಹೂಳಿದರು, ಮಿಷನ್ನಿನ ಲಕೋಟ ಪತ್ರಿಕೆಗೆ ಓಲೆಗಳನ್ನು ಬರೆದರು, ಇತರ ಬುಡಕಟ್ಟುಗಳ ಬಳಿಗೂ ಶುಭಸಂದೇಶವನ್ನು ಕೊಂಡೊಯ್ದರು. ೪೦೦ಕ್ಕೂ ಹೆಚ್ಚು ಜನರು ಅವರ ಮೂಲಕ ಜ್ಞಾನಸ್ನಾನಕ್ಕೆ ಬಂದರೆಂದು ಹೇಳುತ್ತಾರೆ. ಜಪಮಾಲೆಯನ್ನು ಹಿಡಿದು ಮಗುವೊಂದಕ್ಕೆ ಪ್ರಾರ್ಥನೆ ಕಲಿಸುತ್ತಿರುವ ಅವರ ಛಾಯಾಚಿತ್ರ ಇಂದಿಗೂ ಉಳಿದಿದೆ. ಅದೇ ವ್ಯಕ್ತಿ ೧೯೩೧ರಲ್ಲಿ ಜಾನ್ ನೈಹಾರ್ಟ್ ಎಂಬ ಕವಿಗೆ ತಮ್ಮ ಬಾಲ್ಯದ ಮಹಾದರ್ಶನವನ್ನು ತಿಳಿಸಿದರು. ಇಳಿವಯಸ್ಸಿನಲ್ಲಿ ಜೋಸೆಫ್ ಬ್ರೌನ್ ಎಂಬ ಯುವಕನಿಗೆ ತಮ್ಮ ಜನರ ಏಳು ಪವಿತ್ರ ವಿಧಿಗಳನ್ನು ವಿವರಿಸಿದರು. ಶಾಂತಿಯ ಮೂರು ನೆಲೆಗಳ ಮಾತು ಬಂದದ್ದು ಆಗಲೇ.

ಅವರು ನಿಜವಾಗಿ ಯಾವ ಕಡೆಯವರು, ಜಪಮಾಲೆಯ ಕಡೆಯವರೇ, ಪೂರ್ವಿಕರ ಪವಿತ್ರ ಚಿಲುಮೆಯ ಕಡೆಯವರೇ ಎಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ಅವರಾದರೋ ೧೯೩೪ರಲ್ಲಿ ತಮ್ಮ ಕಥೋಲಿಕ ವಿಶ್ವಾಸವನ್ನು ಬರಹದಲ್ಲಿಯೇ ಸಾರಿದರು. ಪೂರ್ವಿಕರ ಬೋಧನೆ ಮಣ್ಣುಗೂಡಬಾರದೆಂದು ಅದನ್ನೂ ಒಪ್ಪಿಸಿ ಹೋದರು. ಒಳ್ಳೆಯ ಬಂಧುವಾಗಿರಬೇಕೆಂದು ಅಜ್ಜಂದಿರು ಕಲಿಸಿದ್ದನ್ನು ಕ್ರಿಸ್ತನಲ್ಲಿ ಇನ್ನೂ ಆಳವಾಗಿ ಕಂಡುಕೊಂಡವರು ಅವರೆಂದು ನನ್ನ ನಂಬಿಕೆ. ೧೯೫೦ರ ಆಗಸ್ಟ್ ೧೯ರಂದು ಅವರು ತೀರಿಕೊಂಡರು. ೨೦೧೬ರಲ್ಲಿ ಕಪ್ಪು ಬೆಟ್ಟಗಳ ಅತಿ ಎತ್ತರದ ಶಿಖರಕ್ಕೆ, ಸೇನಾಧಿಕಾರಿಯೊಬ್ಬನ ಹೆಸರನ್ನು ತೆಗೆದು, ಅವರ ಹೆಸರನ್ನಿಟ್ಟರು. ೨೦೧೭ರಲ್ಲಿ ರ‍್ಯಾಪಿಡ್ ಸಿಟಿ ಧರ್ಮಪ್ರಾಂತ್ಯ ಅವರ ಸಂತಪದವಿಯ ವಿಚಾರಣೆಯನ್ನು ಆರಂಭಿಸಿತು. ಈಗ ಅವರು ‘ದೇವರ ಸೇವಕ’ ನಿಕೋಲಸ್ ಬ್ಲ್ಯಾಕ್ ಎಲ್ಕ್.

ಇಲ್ಲಿ ಒಂದು ಕಹಿ ಸತ್ಯವನ್ನು ಮುಚ್ಚಿಡಬಾರದು. ಲಕೋಟ ನಾಡಿಗೆ ಹೋದ ನಮ್ಮ ಗುರುಗಳಲ್ಲಿಯೂ ಕನ್ಯಾಸ್ತ್ರೀಯರಲ್ಲಿಯೂ ತ್ಯಾಗಿಗಳಿದ್ದರು. ಯೂಜೀನ್ ಬ್ಯೂಖೆಲ್ ಎಂಬ ಯೇಸು ಸಭೆಯ ಗುರುಗಳು, ನಮ್ಮ ಕನ್ನಡಕ್ಕೆ ಕಿಟೆಲ್ ಸಾಹೇಬರು ಮಾಡಿದಂತೆ, ಲಕೋಟ ಭಾಷೆಗೆ ವ್ಯಾಕರಣವನ್ನು ರಚಿಸಿ, ನಿಘಂಟಿಗಾಗಿ ಸಾವಿರಾರು ಶಬ್ದಗಳನ್ನು ಕೂಡಿಸಿದರು. ಆದರೆ ಅದೇ ಕಾಲದಲ್ಲಿ ಸರ್ಕಾರ ನಡೆಸಿದ ಮತ್ತು ಚರ್ಚುಗಳು ನಡೆಸಿದ ವಸತಿಶಾಲೆಗಳಲ್ಲಿ ಮಕ್ಕಳನ್ನು ತಾಯಿತಂದೆಯರಿಂದ ಅಗಲಿಸಿದರು, ಅವರ ಕೂದಲನ್ನು ಕತ್ತರಿಸಿದರು, ತಾಯ್ನುಡಿಯನ್ನಾಡಿದರೆ ಶಿಕ್ಷಿಸಿದರು. ಅಮೆರಿಕದ ಅಂತಹ ಶಾಲೆಗಳಲ್ಲಿ ಕನಿಷ್ಠ ೯೭೩ ಮಕ್ಕಳು ಸತ್ತರೆಂದು ಅಲ್ಲಿನ ಸರ್ಕಾರದ ತನಿಖೆ ೨೦೨೪ರಲ್ಲಿ ತಿಳಿಸಿತು. ಬಂಧುತ್ವವೇ ಧರ್ಮವಾಗಿದ್ದ ಜನರ ಬಂಧುತ್ವವನ್ನೇ ಕತ್ತರಿಸಿದ ಪಾಪವಿದು. ಅದರಲ್ಲಿ ನಮ್ಮ ಧರ್ಮಸಭೆಯ ಪಾಲೂ ಇದೆ. ಜಗದ್ಗುರು ಫ್ರಾನ್ಸಿಸರು ೨೦೨೨ರಲ್ಲಿ ಕೆನಡಾದ ಮೂಲನಿವಾಸಿಗಳ ಮುಂದೆ ಕ್ಷಮೆ ಬೇಡಿದರು. ಅಮೆರಿಕದ ಧರ್ಮಾಧ್ಯಕ್ಷರು ೨೦೨೪ರಲ್ಲಿ ಕ್ಷಮೆ ಬೇಡಿದರು. ಅನ್ಯ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ೧೯೬೫ರಲ್ಲಿ ಸಾರಿತ್ತು. ಅದಕ್ಕೆ ಅರ್ಧ ಶತಮಾನ ಮುಂಚೆ ಈ ಮಾತು ಆ ಶಾಲೆಗಳಿಗೆ ತಿಳಿದಿದ್ದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತು!

ಲಕೋಟರ ಬಡತನ ಇಂದಿಗೂ ತೀರಿಲ್ಲ. ಪೈನ್ ರಿಡ್ಜ್ ಅಮೆರಿಕದ ಅತ್ಯಂತ ಬಡ ಪ್ರದೇಶಗಳಲ್ಲಿ ಒಂದು. ಕುಡಿತವೂ ಯುವಕರ ಆತ್ಮಹತ್ಯೆಗಳೂ ಅಲ್ಲಿನ ಮನೆಗಳನ್ನು ಸುಡುತ್ತಿವೆ. ಆದರೂ ಒಂದು ಸಂಗತಿ ಕೇಳಿ. ಕಪ್ಪು ಬೆಟ್ಟಗಳನ್ನು ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ಹತ್ತು ಕೋಟಿ ಡಾಲರಿಗೂ ಮೀರಿದ ಪರಿಹಾರ ಸಲ್ಲಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟು ೧೯೮೦ರಲ್ಲಿ ತೀರ್ಪಿತ್ತಿತು. ಬಡ್ಡಿ ಸೇರಿ ಆ ಮೊತ್ತ ನೂರು ಕೋಟಿ ಡಾಲರನ್ನೂ ದಾಟಿದೆ. ಅವರು ಅದನ್ನು ಇಂದಿಗೂ ಮುಟ್ಟಿಲ್ಲ. ಬಂಧುವನ್ನು ಮಾರಲಾಗದು ಎಂಬುದೇ ಅವರ ನಿಲುವು. ಹಸಿದ ಕೈ ಹಣವನ್ನು ಹಿಂದಕ್ಕೆ ಸರಿಸುವುದಕ್ಕಿಂತ ಅಂತರಂಗದ ಸೌಂದರ್ಯಕ್ಕೆ ಬೇರೆ ಸಾಕ್ಷಿ ಬೇಕೇ?

ಕೊನೆಯದಾಗಿ, ನಮ್ಮ ಹಾಗೆ ಅವರೂ ಒಂದು ಶತಮಾನವನ್ನು ಆಚರಿಸಿದರು. ೧೯೯೦ಕ್ಕೆ ವೂಂಡೆಡ್ ನೀ ಹತ್ಯಾಕಾಂಡಕ್ಕೆ ನೂರು ವರ್ಷ. ಅದಕ್ಕೆ ನಾಲ್ಕು ವರ್ಷ ಮುಂಚೆ, ೧೯೮೬ರಲ್ಲಿ, ಹತ್ತೊಂಬತ್ತು ಜನ ಸವಾರರು ಬಿಗ್ ಫುಟ್ ನಡೆದ ಹಾದಿಯಲ್ಲಿ ಕುದುರೆಗಳನ್ನೇರಿ ಹೊರಟರು. ವರ್ಷ ವರ್ಷವೂ ಸವಾರರು ಹೆಚ್ಚಿದರು. ನೂರನೆಯ ವರ್ಷದ ಡಿಸೆಂಬರಿನಲ್ಲಿ ನೂರಾರು ಜನ, ಅವರಲ್ಲಿ ಮಕ್ಕಳೂ ಮುದುಕರೂ, ಮೈಕೊರೆಯುವ ಚಳಿಗಾಳಿಯಲ್ಲಿ ನೂರಾರು ಮೈಲಿ ಸಾಗಿ ಆ ಸಾಮೂಹಿಕ ಸಮಾಧಿಯ ಬಳಿಗೆ ಬಂದರು. ಅವರು ಸೇಡಿನ ಕೂಗನ್ನು ಕೂಗಲಿಲ್ಲ. ಶೋಕದ ಅವಧಿಯನ್ನು ಮುಗಿಸುವ, ಕಣ್ಣೀರನ್ನು ಒರೆಸುವ ಪುರಾತನ ವಿಧಿಯನ್ನು ನಡೆಸಿದರು. ನೂರು ವರ್ಷ ಒಳಗೇ ಉಳಿದ ಅಳುವನ್ನು ಅತ್ತು ಮುಗಿಸಿ, ಹುಟ್ಟಲಿರುವ ಮಕ್ಕಳಿಗಾಗಿ ಬದುಕತೊಡಗುವುದು ಅದರ ಉದ್ದೇಶ. ಆ ವರ್ಷ ಅಮೆರಿಕದ ಸಂಸತ್ತು ಹತ್ಯಾಕಾಂಡಕ್ಕಾಗಿ ತನ್ನ ತೀವ್ರ ವಿಷಾದವನ್ನು ದಾಖಲಿಸಿತು.

ಸಹೋದರ ಸಹೋದರಿಯರೇ, ಶತಮಾನೋತ್ಸವವೆಂದರೆ ಹಬ್ಬವಷ್ಟೇ ಅಲ್ಲ, ಕಣ್ಣೀರು ಒರೆಸುವ ಕಾಲವೂ ಹೌದೆಂದು ಅವರಿಂದ ನಾವು ಕಲಿಯಬಾರದೇಕೆ? ನಮ್ಮ ದೇವಾಲಯದ ಶಿಲಾಫಲಕದಲ್ಲಿ ದಾನಿಗಳ ಹೆಸರುಗಳಿವೆ, ಅದು ತಕ್ಕದ್ದೇ. ಆದರೆ ಕಲ್ಲು ಹೊತ್ತವರ, ಸುಣ್ಣ ಅರೆದವರ, ನೀರು ತಂದ ಹೆಂಗಸರ ಹೆಸರುಗಳು ಎಲ್ಲಿವೆ? ಹಿಂದಿನ ಬೆಂಚುಗಳಲ್ಲಿ ಕೂರುವಂತೆ ಯಾರನ್ನಾದರೂ ನಮ್ಮ ಹಿರಿಯರು ಮಾಡಿದ್ದರೆ, ಅವರ ಮೊಮ್ಮಕ್ಕಳ ಕಣ್ಣೀರನ್ನು ಒರೆಸುವವರು ಯಾರು? ಗಡಿಕಲ್ಲಿಗಾಗಿಯೋ ಪಾಲಿಗಾಗಿಯೋ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬಲಿಪೂಜೆಯಲ್ಲಿ ಎರಡು ಸಾಲುಗಳಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸುತ್ತಿದ್ದರೆ, ನಮ್ಮ ಹೊಸ ಪೀಠದ ಬೆಳಕು ಯಾರಿಗಾಗಿ?

ಆದುದರಿಂದ ಮೂರು ಬಿನ್ನಹಗಳನ್ನು ಮಾಡಿ ಮುಗಿಸುತ್ತೇನೆ. ಹಬ್ಬದ ದಿನ ಬರುವುದರೊಳಗೆ ಪ್ರತಿಯೊಂದು ಮನೆಯವರೂ ತಾವು ಕರೆಯುವುದನ್ನು ಬಿಟ್ಟ ಒಬ್ಬ ಬಂಧುವಿನ ಬಾಗಿಲಿಗೆ ಹೋಗಿ, ಅಣ್ಣ ಎಂದೋ ಅಕ್ಕ ಎಂದೋ ಹಳೆಯ ಹೆಸರಿನಿಂದ ಕರೆಯಿರಿ. ಅದೇ ನಿಮ್ಮ ಮೊದಲ ಪ್ರಾರ್ಥನೆಯಾಗಲಿ. ಮೃತರ ಸ್ಮರಣೆಗಾಗಿ ಊಟ ಹಾಕುವ ದಿನ, ಬಂಧುಗಳಲ್ಲದವರನ್ನೂ ಬಂಧುಗಳೆಂದು ಪಂಕ್ತಿಯಲ್ಲಿ ಕೂರಿಸಿರಿ, ಕೊಟ್ಟದ್ದನ್ನು ಬರೆದಿಡಬೇಡಿರಿ. ಸಂಜೆಯ ಜಪಮಾಲೆ ಮುಗಿದ ಮೇಲೆ ಒಂದು ಗಳಿಗೆ ಮೌನವಾಗಿ ಕುಳಿತು, ‘ನನ್ನ ಬಂಧುಗಳೆಲ್ಲರೂ’ ಎಂದು ಮನಸ್ಸಿನಲ್ಲಿ ಹೇಳಿಕೊಂಡು, ಆ ಮಾತು ಯಾರ ಹೆಸರಿನ ಬಳಿ ತಡವರಿಸಿ ನಿಲ್ಲುತ್ತದೆಂದು ನೋಡಿಕೊಳ್ಳಿರಿ. ಅಲ್ಲಿಯೇ ನಮ್ಮ ಅಂತರಂಗದ ಬಿರುಕಿದೆ. ದುರಸ್ತಿ ಅಲ್ಲಿಂದಲೇ ಆರಂಭವಾಗಬೇಕು.

ನಮ್ಮೆಲ್ಲರ ತಂದೆಯಾದ ದೇವರು ನಮ್ಮ ಕಣ್ಣೀರನ್ನು ಒರೆಸಿ, ನಮ್ಮನ್ನು ಒಳ್ಳೆಯ ಬಂಧುಗಳನ್ನಾಗಿ ಮಾಡಲಿ. ಈ ದೇವಾಲಯದ ಎರಡನೆಯ ಶತಮಾನ ಆ ಚೆಲುವಿನಿಂದ ಬೆಳಗಲಿ. ಆಮೆನ್.